ಮೂರು ಯೂನಿಟ್ಟು ಹೆಚ್ಚು

ದುಡ್ಡನ್ನು ನೀರಿನ ಹಾಗೆ ಚೆಲ್ಲುತ್ತೀ ಎಂದು ಬೈಯುವವರು
ನಮ್ಮ ಅಮ್ಮಾನಿನಲ್ಲಿಲ್ಲ.
ಇಲ್ಲಿ ನೀರನ್ನೇ ದುಡ್ಡಿನ ಹಾಗೆ ಎಣಿಸುತ್ತೇವೆ,
ಬೆರಳಿಗೆ ಎಂಜಲು ಹಚ್ಚಿ, ಒಂದೊಂದೇ.
ಹನಿಗೂಡಿ ಆದ ಹಳ್ಳವೊಂದಿತ್ತು;
ಅಪ್ಪನ ಕಾಲದಲ್ಲೇ ಅದಕ್ಕೆ ಚಾವಣಿ ಹೊದಿಸಿ
ಮೇಲೆ ಪೇಟೆ ಕಟ್ಟಿದರು.

ಸೋಮವಾರ ರಾತ್ರಿ ಅಶ್ರಫಿಯಾ ಗುಡ್ಡಕ್ಕೆ ನೀರು ಬಿಡುತ್ತಾರೆ.
ಮೊದಲು ಬರುವುದು ಗಾಳಿ.
ಗಾಳಿಗೂ ಮೀಟರು ತಿರುಗುತ್ತದೆಂದು
ಜನ ನನ್ನ ಮೇಲೆ ರೇಗುತ್ತಾರೆ.
ನಾನು ಬರೀ ಅಂಕಿ ಬರೆದುಕೊಳ್ಳುವವನು.

ಅಂಕಿಯಲ್ಲಿ ಮನೆ ಕಾಣುವುದಿಲ್ಲ ಅನ್ನುವುದು ಮಾತ್ರ ಸುಳ್ಳು.
ಯಾರ ಮಗಳು ಬಾಣಂತನಕ್ಕೆ ಬಂದಳು,
ಯಾರು ಮುನಿಸಿಕೊಂಡು ಬಟ್ಟೆ ಬೇರೆ ಒಗೆಯುತ್ತಾರೆ,
ಗಾಜಿನ ಕೆಳಗೆ ಉರುಳಿ ಉರುಳಿ ಬರುತ್ತದೆ.

ಐದನೇ ಮಹಡಿಯ ವಿದಾದಳದು
ಇರುವೆಯ ನಡಿಗೆಯ ಮೀಟರು.
ಅಕ್ಕಿ ತೊಳೆದದ್ದು ಪುದೀನದ ಡಬ್ಬಿಗೆ,
ಬಟ್ಟೆ ಜಾಲಿಸಿದ ಕೊನೆಯ ನೀರು ಮೆಟ್ಟಿಲಿಗೆ,
ಮಿಕ್ಕಿದ್ದು ಕಕ್ಕಸಿಗೆ.
ಸೀಮೆಎಣ್ಣೆ ಒಲೆ ಸುಮ್ಮನೆ ಕೋಣೆ ಕಾಯಿಸಿದರೆ ಸಾಲದು,
ತಲೆಯ ಮೇಲೊಂದು ಕೆಟಲು ಹೊರಬೇಕು,
ಅಂಚಿನಲ್ಲಿ ಕಿತ್ತಳೆ ಸಿಪ್ಪೆ ಸುಡಬೇಕು,
ಧೂಪದ ಖರ್ಚೂ ಉಳಿಯಿತು.
ಬಾಯ್ಲರಿನ ಸ್ವಿಚ್ಚಿಗೆ ಕೆಂಪು ಟೇಪು: ಹತ್ತು ನಿಮಿಷ.
ಬಿಲ್ಲುಗಳನ್ನೆಲ್ಲ ಮೊಳೆಗೆ ಚುಚ್ಚಿಟ್ಟಿದ್ದಳು,
ಗಂಡ ಮಿಸ್ಬಾಹನ ಮೇಲಿನ ಆರೋಪಪಟ್ಟಿ.
"ಈ ಮನೆಯಲ್ಲೊಬ್ಬ ಕಳ್ಳನಿದ್ದಾನೆ, ಬರೆದುಕೋ.
ನಲ್ಲಿ ಬಿಟ್ಟುಕೊಂಡೇ ಗಡ್ಡ ಹೆರೆಯುತ್ತಾನೆ."
ಒಳಗಿನಿಂದ ಅವನು ನಗುವುದು ಕೇಳಿಸುತ್ತಿತ್ತು,
ನೀರಿನ ಜೊತೆಗೆ.

ಮಾರ್ಚಿನಲ್ಲಿ ಮೂರು ಯೂನಿಟ್ಟು ಹೆಚ್ಚು.
ಗಾಜು ಒರೆಸಿ ಮತ್ತೆ ನೋಡಿದೆ.
ಸೋರಿಕೆಯೇ ಇರಬೇಕು ಅಂತ ಐದು ಮಹಡಿ ಹತ್ತಿದೆ.
ಟರ್ನಿಪ್ ಉಪ್ಪಿನಕಾಯಿಯ ಗುಲಾಬಿ ರಸ
ಫ್ಲಶ್ ತೊಟ್ಟಿಗೆ ಸುರಿದು
ಕಾಲು ಗಂಟೆ ಕಾದು ಕೂತೆವು.
ಬಣ್ಣ ಕೆಳಗಿಳಿಯಲಿಲ್ಲ.
ಮಾಳಿಗೆಯ ಟ್ಯಾಂಕಿನ ತೇಲುಚೆಂಡೂ ಸರಿಯಿತ್ತು.
"ಎಲ್ಲೂ ಸೋರುತ್ತಿಲ್ಲ, ಖಾಲಾ."
"ಗೊತ್ತು."
"ಮೊದಲೇ ಹೇಳಬಾರದಿತ್ತೇ?"
"ಯಾರಾದರೂ ಕಾಲು ಗಂಟೆ ಕೂರಲಿ ಅಂತ."

ಅವನು ಹೋಗಿ ನಲವತ್ತು ದಿನ.
ಬಾಗಿಲ ಹಿಂದೆ ಅವನ ಟವೆಲು ಹಪ್ಪಳದಂತೆ ಒಣಗಿತ್ತು.
ಅಂಕಿ ಓದುವ ನನಗೆ ಅದೊಂದು ಗೊತ್ತಾಗಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ನಲ್ಲಿ ತಿರುಗಿಸುತ್ತಾಳೆ,
ಅಡುಗೆಮನೆಗೆ ಬಂದು ಬೆನ್ನು ಹಾಕಿ ನಿಲ್ಲುತ್ತಾಳೆ.
"ಹನ್ನೊಂದು ನಿಮಿಷ. ನಾನು ಲೆಕ್ಕ ತಪ್ಪಿದವಳಲ್ಲ.
ಆಮೇಲೆ ಕೂಗುತ್ತೇನೆ, ಸಾಕು ನಿಲ್ಲಿಸು, ಮನೆ ಮುಳುಗಿಸಬೇಡ.
ಕೂಗಿ, ನಾನೇ ಹೋಗಿ ನಿಲ್ಲಿಸುತ್ತೇನೆ.
ಕೆಳಗೆ ಬಕೆಟು ಇಡಬಹುದಿತ್ತು.
ಇಟ್ಟು ನೋಡಿದೆ ಮಗಾ,
ಬಕೆಟಿಗೆ ಬಿದ್ದರೆ ಸದ್ದು ಬೇರೆ."

ದಿನಕ್ಕೆ ಎಷ್ಟಾಗುತ್ತದೆ ಅಂತ ಕೇಳಿದಳು.
ಹಾಳೆಯ ಅಂಚಿನಲ್ಲಿ ಗುಣಿಸಿ ಹೇಳಿದೆ:
ಎಳ್ಳುರೊಟ್ಟಿಯ ಕಾಲು ತುಂಡಿನ ಬೆಲೆ.

ಕೆಟಲು ಕುದಿಯುವುದು ನಿಲ್ಲುವವರೆಗೆ ಸುಮ್ಮನಿದ್ದಳು.
"ಅಷ್ಟೇನಾ?
ನಲವತ್ತೊಂದು ವರ್ಷ, ಅಷ್ಟಕ್ಕಾ?"

ಗೆರೆ ದಾಟಿದರೆ ದರ ಏರುತ್ತದೆ,
ಅದನ್ನು ನಾನು ಹೇಳಲಿಲ್ಲ.
ಅಂಕಿಯನ್ನು ಇದ್ದ ಹಾಗೇ ಬರೆದುಕೊಂಡೆ.

ಇಳಿಯುವಾಗ, ನಾಲ್ಕನೆಯದಕ್ಕೂ ಮೂರನೆಯದಕ್ಕೂ ನಡುವೆ
ಮೆಟ್ಟಿಲ ದೀಪ ತಾನಾಗಿ ಆರಿತು.
ಒಂದು ನಿಮಿಷಕ್ಕೆ ಇಟ್ಟಿದ್ದಾರೆ, ಉಳಿತಾಯ.
ಗೋಡೆ ಸವರಿದೆ, ಗುಂಡಿ ಸಿಗಲಿಲ್ಲ.
ತಲೆಯೆತ್ತಿದರೆ
ಒಲೆಯ ಕಾವೆಲ್ಲ ಹೊರಗೆ ಹೋಗುತ್ತಿದ್ದರೂ
ಅವಳು ಬಾಗಿಲು ಹಾಕಿರಲಿಲ್ಲ.
ಆ ಬೆಳಕಿನಲ್ಲೇ ಇಳಿದೆ.